ಬೇಗ ಏಳುವುದಕ್ಕಿಂತ ಮೊದಲು ಬೇಗ ಮಲಗುವುದು

ಬೆಳಗಿನ ಜಾವ ನಾಲ್ಕೂವರೆಗೆ ಏಳುವವರನ್ನು ಎಲ್ಲರೂ ಹೊಗಳುತ್ತಾರೆ. ರಾತ್ರಿ ಎಷ್ಟು ಹೊತ್ತಿಗೆ ಮಲಗಿದಿರಿ ಅಂತ ಯಾರೂ ಕೇಳುವುದಿಲ್ಲ. ನಾನೂ ವಾಕಿಂಗ್‌ಗೆ ಅಂತ ಆ ಹೊತ್ತಿಗೇ ಏಳುತ್ತಿದ್ದೆ, ಮಲಗುತ್ತಿದ್ದದ್ದು ಮಾತ್ರ ಹನ್ನೊಂದೂವರೆಗೆ. ಅಂದರೆ ಐದೇ ಗಂಟೆ ನಿದ್ದೆ. ದೊಡ್ಡವರಿಗೆ ಕನಿಷ್ಠ 7 ಗಂಟೆಯಾದರೂ ಬೇಕು ಅನ್ನುತ್ತಾರೆ ವೈದ್ಯರು. ದಿನಕ್ಕೆ ಎರಡು ಗಂಟೆ ಕಡಿಮೆ ಬಿದ್ದರೆ ವಾರಕ್ಕೆ 14 ಗಂಟೆ ಆಯಿತು. ಭಾನುವಾರ ಮಧ್ಯಾಹ್ನ ಊಟ ಮಾಡಿ ಮಲಗಿದರೆ ತೀರುವ ಸಾಲವಲ್ಲ ಅದು.

ವಾಕಿಂಗ್ ಮುಗಿಸಿ ಬಂದಾಗ ಮೈ ಹಗುರ, ಒಳ್ಳೆಯ ಲವಲವಿಕೆ. ಸಂಜೆ ಮಗಳು ಲೆಕ್ಕದ ಪುಸ್ತಕ ಹಿಡಿದು ಬಂದರೆ ಮಾತ್ರ ಒಂದೇ ಸಾಲನ್ನು ಮೂರು ಸಲ ಓದುತ್ತಿದ್ದೆ. ಅವಳು ಇನ್ನೊಂದು ಪ್ರಶ್ನೆ ಕೇಳಿದರೆ ಸಿಡುಕು.

ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕು ಅಂತ ಹಿರಿಯರು ಹೇಳಿದ್ದು ನಿಜ. ಸೂರ್ಯ ಹುಟ್ಟುವ 96 ನಿಮಿಷ ಮೊದಲು ಶುರುವಾಗಿ 48 ನಿಮಿಷ ಇರುವ ಹೊತ್ತು ಅದು. ನಮ್ಮ ಅಜ್ಜ ಹಾಗೇ ಏಳುತ್ತಿದ್ದರು. ಆದರೆ ಏಳೂವರೆಗೆ ಅವರ ಊಟ ಮುಗಿದು, ಒಂಬತ್ತರೊಳಗೆ ಚಾಪೆ ಹಾಸಿ ಆಗಿರುತ್ತಿತ್ತು. ಅಜ್ಜನ ಬೆಳಿಗ್ಗೆ ಬೇಕು, ಅಜ್ಜನ ರಾತ್ರಿ ಬೇಡ ಅಂದರೆ ಹೇಗೆ?

ನಾನು ಮೊದಲು ಬದಲಾಯಿಸಿದ್ದು ರಾತ್ರಿಯನ್ನು. ಮಲಗುವ ಹೊತ್ತಿಗೇ ಅಲಾರಂ ಇಟ್ಟೆ. ಒಂದೇ ಸಲಕ್ಕೆ ಹತ್ತು ಗಂಟೆಗೆ ಮಲಗಿದರೆ ಸುಮ್ನೆ ಹೊರಳಾಟ, ನಿದ್ದೆ ಬರುವುದಿಲ್ಲ. ಹಾಗಾಗಿ ಕೆಲವು ದಿನಕ್ಕೊಮ್ಮೆ ಕಾಲು ಗಂಟೆಯಂತೆ ಹಿಂದಕ್ಕೆ ತಂದೆ. ಮೊಬೈಲು ಹಾಲ್‌ನಲ್ಲೇ ಚಾರ್ಜಿಗೆ. ಸಂಜೆ ಐದರ ಕಾಫಿ ಬಿಟ್ಟೆ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಇಳಿಯುವುದಕ್ಕೇ ಸುಮಾರು ಐದು ಗಂಟೆ ಬೇಕು. ಈಗ ಹತ್ತಕ್ಕೆ ಮಲಗಿ ಐದೂವರೆಗೆ ಏಳುತ್ತೇನೆ.

ಮದುವೆ, ನೆಂಟರು ಅಂತ ರಾತ್ರಿ ತಡವಾದರೆ ಮರುದಿನ ವಾಕಿಂಗ್ ಇಲ್ಲ. ಎಲ್ಲಕ್ಕಿಂತ ಕಷ್ಟವಾಗಿದ್ದು ಇದೇ. "ಏನ್ ಸಾರ್, ಇವತ್ತು ಕಾಣಲೇ ಇಲ್ಲ?" ಅಂತ ಗೆಳೆಯರು ಕೇಳುತ್ತಾರೆ. "ನಿದ್ದೆ ಮಾಡಿದೆ" ಅಂತ ನೇರವಾಗಿ ಹೇಳುತ್ತೇನೆ.

ತಿಂಡಿ, ಡಬ್ಬಿ ಅಂತ ಐದಕ್ಕೇ ಏಳಲೇಬೇಕಾದ ಹೆಂಗಸರಿಗೆ ಈ ಆಯ್ಕೆಯೇ ಇಲ್ಲ, ಅಲ್ವಾ? ಅವರ ನಿದ್ದೆ ಉಳಿಯಬೇಕಾದರೆ ರಾತ್ರಿಯ ಕೆಲಸವನ್ನು ಮನೆಯವರು ಹಂಚಿಕೊಳ್ಳಬೇಕು. ನಮ್ಮ ಮನೆಯಲ್ಲಿ ಈಗ ಊಟದ ಪಾತ್ರೆ ತೊಳೆಯುವುದು, ಅಡುಗೆಮನೆ ಕಟ್ಟೆ ಒರೆಸುವುದು ನನ್ನ ಕೆಲಸ. ಹೆಂಡತಿ ಒಂಬತ್ತೂವರೆಗೆ ಮಲಗುತ್ತಾಳೆ.