ಕಪ್ಪು ಟೀಶರ್ಟ್ ಮೇಲೆ ಹಾಟ್ ರಾಡ್ ರಾಕ್ಷಸ: ಸ್ಕ್ರೀನ್ ಪ್ರಿಂಟ್ ಮಾಡುವ ಬಗೆ

ಹಾಟ್ ರಾಡ್ ಎಂದರೆ ವೇಗಕ್ಕಾಗಿ ಮಾರ್ಪಡಿಸಿದ ಹಳೆಯ ಕಾರು. 1932ರ ಫೋರ್ಡ್ ಕೂಪೆ (ಎರಡು ಬಾಗಿಲಿನ ಕಾರು), ಬಾನೆಟ್ ಇಲ್ಲದೆ ಹೊರಗೆ ಕಾಣುವ ವಿ-8 ಎಂಜಿನ್, ಸ್ಟಿಯರಿಂಗ್ ಹಿಡಿದ ಗುಡ್ಡೆಗಣ್ಣಿನ ರಾಕ್ಷಸ. ಕ್ಯಾಲಿಫೋರ್ನಿಯಾದ ಕಲಾವಿದ ಎಡ್ ರಾತ್ 1960ರ ದಶಕದಲ್ಲಿ ಜನಪ್ರಿಯಗೊಳಿಸಿದ ಈ ಶೈಲಿಗೆ ದಪ್ಪ ಗೆರೆ, ಕೆಲವೇ ಬಣ್ಣಗಳೇ ಜೀವಾಳ. ಬಿಳಿ, ಹಳದಿ, ಕೆಂಪು, ಹಸಿರು ಸಾಕು. ಕಪ್ಪು ಶಾಯಿ ಬೇಡ. ಬಟ್ಟೆಯ ಕಪ್ಪೇ ಗೆರೆಯಾಗಲಿ.

ಶರ್ಟ್ ಪೂರ್ತಿ ಹತ್ತಿಯದಿರಲಿ. ಪಾಲಿಯೆಸ್ಟರ್ ಬೆರೆತಿದ್ದರೆ ಬಿಸಿಗೆ ಬಟ್ಟೆಯ ಬಣ್ಣ ಶಾಯಿಗೆ ಏರಿ ಬಿಳಿ ಮಂಕಾಗುತ್ತದೆ.

ಬಿಳಿ ತಳಪದರಕ್ಕೆ (ಬಣ್ಣಗಳ ಕೆಳಗೆ ಮೊದಲು ಹಾಕುವ ಬಿಳಿ ಶಾಯಿಗೆ) ಇಂಚಿಗೆ 110 ಎಳೆಯ ಮೆಶ್, ಅಂದರೆ ಸ್ಕ್ರೀನ್ ಜಾಲರಿ, ಮೇಲಿನ ಬಣ್ಣಗಳಿಗೆ 156. ತಳಪದರದ ಚಿತ್ರವನ್ನು ಅಂಚಿನಲ್ಲಿ ಅರ್ಧದಿಂದ 1 ಪಾಯಿಂಟ್ (ಒಂದು ಪಾಯಿಂಟ್ ಎಂದರೆ ಇಂಚಿನ 72ನೇ ಒಂದು ಭಾಗ) ಒಳಕ್ಕೆ ಕುಗ್ಗಿಸಿ. ಇಲ್ಲದಿದ್ದರೆ ಸ್ಕ್ರೀನ್ ಕೂದಲೆಳೆಯಷ್ಟು ಸರಿದರೂ ಬೆಂಕಿಜ್ವಾಲೆಯ ಸುತ್ತ ಬಿಳಿ ಇಣುಕುತ್ತದೆ. ಸ್ಕ್ರೀನ್ ಮತ್ತು ಬಟ್ಟೆಯ ನಡುವೆ 2–3 ಮಿ.ಮೀ. ಅಂತರವಿರಲಿ.

ಪ್ಲಾಸ್ಟಿಸಾಲ್ (ಬಿಸಿಗೆ ಮಾತ್ರ ಗಟ್ಟಿಯಾಗುವ ಶಾಯಿ) ಬಿಳಿ ಎಳೆದ ಮೇಲೆ ಫ್ಲ್ಯಾಶ್ ಮಾಡಿ, ಅಂದರೆ ಸ್ವಲ್ಪ ಹೊತ್ತು ಬಿಸಿ ಕೊಡಿ, ಬೆರಳಿಗೆ ಅಂಟದಿದ್ದರೆ ನಿಲ್ಲಿಸಿ. ಹೆಚ್ಚಿನವರು ಎಡವುವುದು ಇಲ್ಲೇ: ತಳಪದರ ಪೂರ್ತಿ ಬೆಂದರೆ ಮೇಲಿನ ಬಣ್ಣ ಅದಕ್ಕೆ ಹಿಡಿಯದೆ ಮುಂದೆ ಸುಲಿಯುತ್ತದೆ. ಕಣ್ಣುಗಳು ಕತ್ತಲಲ್ಲಿ ಹೊಳೆಯಬೇಕೆಂದರೆ ಗ್ಲೋ ಶಾಯಿಗೂ 110ರ ಮೆಶ್ ಬಳಸಿ. ಅದರ ಕಣಗಳು ದಪ್ಪ, ಸಣ್ಣ ಜಾಲರಿಯಲ್ಲಿ ಸಿಕ್ಕಿಕೊಳ್ಳುತ್ತವೆ.

ಕೊನೆಯ ಕ್ಯೂರಿಂಗ್‌ನಲ್ಲಿ (ಶಾಯಿ ಪೂರ್ತಿ ಗಟ್ಟಿಯಾಗುವಂತೆ ಬಿಸಿ ಮಾಡುವ ಹಂತ) ಶಾಯಿಯ ತಳದವರೆಗೂ ಸುಮಾರು 160 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಡಬ್ಬಿಯ ಮೇಲೆ ಬೇರೆ ಅಂಕಿ ಇದ್ದರೆ ಅದನ್ನೇ ಪಾಲಿಸಿ. ಆರಿದ ಮೇಲೆ ಅಚ್ಚನ್ನು ಹಿಗ್ಗಿಸಿ ನೋಡಿ. ಬಿರುಕು ಬಿಟ್ಟರೆ ಬೆಂದಿಲ್ಲ, ಮತ್ತೆ ಬಿಸಿ ಮಾಡಿ.