ಕಾಲೇಜು ಮೈದಾನದಲ್ಲಿ ದೂರದರ್ಶಕದಿಂದ ಆಕಾಶ ವೀಕ್ಷಣೆ: ಧಾರವಾಡದವರಿಗೆ

ಶುಕ್ಲ ಪಕ್ಷದ ಪಂಚಮಿಯಿಂದ ದಶಮಿಯೊಳಗಿನ ಸಂಜೆ ಆರಿಸಿಕೊಳ್ಳಿ. ಹುಣ್ಣಿಮೆ ಬೇಡ, ನೆರಳಿಲ್ಲದೆ ಚಂದ್ರನ ಕುಳಿಗಳು ಎದ್ದು ಕಾಣುವುದಿಲ್ಲ. ಮಳೆಗಾಲವಂತೂ ಲೆಕ್ಕಕ್ಕಿಲ್ಲ, ದೀಪಾವಳಿ ಮುಗಿಯಲಿ.

ಮಾಳಿಗೆಗಿಂತ ಮೈದಾನ ಮೇಲು. ಹಗಲೆಲ್ಲ ಕಾದ ಸ್ಲ್ಯಾಬಿನಿಂದ ರಾತ್ರಿ ಬಿಸಿಗಾಳಿ ಏಳುತ್ತದೆ, ಗುರುಗ್ರಹ ನಡುಗುತ್ತದೆ. ಯಾರಾದರೂ ಹೆಜ್ಜೆ ಹಾಕಿದರೂ ಬಿಂಬ ಅಲುಗುತ್ತದೆ.

8 ಇಂಚಿನ ಕನ್ನಡಿಯ, 1200 ಮಿ.ಮೀ. ಸಂಗಮದೂರದ (ಕನ್ನಡಿಯಿಂದ ಬಿಂಬ ಮೂಡುವ ಜಾಗದವರೆಗಿನ ದೂರ) ಡಾಬ್ಸೋನಿಯನ್, ಅಂದರೆ ಸರಳ ಪೀಠದ ಮೇಲೆ ಕೈಯಿಂದಲೇ ತಿರುಗಿಸುವ ದೂರದರ್ಶಕ, ಇದ್ದರೆ ಸಾಕು. ಆಕಾಶದ ಜೊತೆ ತಾನೇ ತಿರುಗುವ, ಮೋಟಾರಿರುವ ಈಕ್ವಟೋರಿಯಲ್ ಸ್ಟ್ಯಾಂಡಿನ ಆಸೆ ನಮ್ಮೂರಲ್ಲಿ ತುಸು ತ್ರಾಸಿನದು: ಅದರ ಅಕ್ಷವನ್ನು ಧ್ರುವ ನಕ್ಷತ್ರದತ್ತ ಗುರಿಯಿಡಬೇಕು, ಆ ನಕ್ಷತ್ರ ಇಲ್ಲಿ ಕೇವಲ 15.5 ಡಿಗ್ರಿ ಎತ್ತರದಲ್ಲಿದೆ, ಅಂದರೆ ಚಾಚಿದ ಕೈಯ ಒಂದೂವರೆ ಮುಷ್ಟಿ. ಬೇವಿನ ಮರವೊಂದು ಅಡ್ಡ ಬಂದರೆ ಮುಗಿಯಿತು. ಅಕ್ಷವನ್ನು ಅಷ್ಟು ತಗ್ಗಿಸಿದಾಗ ಕೆಲವು ಸ್ಟ್ಯಾಂಡುಗಳಲ್ಲಿ ಸಮತೋಲನದ ತೂಕ ಹೊತ್ತ ಕಂಬಿ ಸ್ಟ್ಯಾಂಡಿನ ಕಾಲಿಗೆ ತಾಗುವುದೂ ಉಂಟು.

ಬೆಳಕಿರುವಾಗಲೇ ದೂರದ ಮೊಬೈಲ್ ಟವರಿನ ತುದಿಗೆ ಫೈಂಡರ್ (ಗುರಿ ಹುಡುಕಲು ಕೊಳವೆಯ ಮೇಲಿರುವ ಪುಟ್ಟ ದೂರದರ್ಶಕ) ಹೊಂದಿಸಿ, ಸೂರ್ಯನ ಕಡೆ ಮಾತ್ರ ತಿರುಗಿಸಬೇಡಿ. ಕನ್ನಡಿ ತಣಿಯಲು ಮುಕ್ಕಾಲು ಗಂಟೆ ಬಿಡಿ.

ಮೊದಲು 25 ಮಿ.ಮೀ. ಐಪೀಸ್, ಅಂದರೆ ಕಣ್ಣಿಡುವ ಮಸೂರ (48 ಪಟ್ಟು), ಆಮೇಲೆ 10 ಮಿ.ಮೀ. (120 ಪಟ್ಟು). ಪ್ಲಾಸಲ್ ಎಂಬ ಸಾಮಾನ್ಯ ಬಗೆಯ ಐಪೀಸಿನಲ್ಲಿ 120 ಪಟ್ಟಿಗೆ ಗ್ರಹ ನಡುವಿನಿಂದ ಅಂಚಿಗೆ ಒಂದು ನಿಮಿಷದೊಳಗೆ ಜಾರುತ್ತದೆ. ಅದಕ್ಕೆ ಪ್ರತಿಯೊಬ್ಬರಿಗೂ ಮುನ್ನ ಅದನ್ನು ಎದುರಂಚಿಗೆ ತಂದಿಡಿ. ನೋಡುವವರ ಕಣ್ಣಮುಂದೆಯೇ ಹಾಯ್ದು ಹೋಗುತ್ತದೆ. ಮಕ್ಕಳು ಕೊಳವೆ ಹಿಡಿದು ಜೋತಾಡದಂತೆ ಪಕ್ಕದಲ್ಲೊಂದು ಸ್ಟೂಲ್ ಇಡಿ. ಐಪೀಸ್ ಮಂಜಾದರೆ ಒರೆಸಬೇಡಿ, ಜೇಬಿನಲ್ಲಿಟ್ಟು ಬೆಚ್ಚಗಾಗಿಸಿ. ಅಷ್ಟರಲ್ಲಿ ಇನ್ನೊಂದನ್ನು ಹಾಕಿ.