ಬ್ಯಾಟರಿಗೆ ನೀರು ಹಾಕುವವರ ಕೂಲಿ

ಸೋಮವಾರಪೇಟೆ ತಾಲ್ಲೂಕಿನ ಕಾಫಿ ತೋಟಗಳಲ್ಲಿ, ಹೋಂಸ್ಟೇಗಳಲ್ಲಿ ಸೋಲಾರ್ ಕೂರಿಸುವುದು, ರಿಪೇರಿ ಮಾಡುವುದು ನನ್ನ ಉದ್ಯೋಗ. ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಮೈಸೂರಿನಲ್ಲಿ ಕೆಲಕಾಲ ದುಡಿದು ಊರಿಗೆ ಮರಳಿದವಳು. ಈಗಲೂ ಹೊಸ ತೋಟದಲ್ಲಿ ಜೀಪಿನಿಂದ ಇಳಿದರೆ ತೋಟದ ಲೆಕ್ಕ ಬರೆಯುವ ರೈಟರು ನನ್ನ ಬೆನ್ನ ಹಿಂದೆ ಇಣುಕುತ್ತಾರೆ, ಮೇಸ್ತ್ರಿ ಇನ್ನೂ ಇಳಿದಿಲ್ಲವೇನೋ ಎಂಬಂತೆ. ಅದು ರೂಢಿಯಾಗಿದೆ. ನನ್ನನ್ನು ಬಹುಕಾಲ ಕಾಡಿದ್ದು ಕೂಲಿಯ ಲೆಕ್ಕ. ಪ್ಯಾನೆಲ್ ಕೂರಿಸುವ ಒಂದೆರಡು ದಿನದ ಕೆಲಸಕ್ಕೆ ಒಳ್ಳೆಯ ಕೂಲಿಯಿದೆ, ಆಮೇಲೆ ವರ್ಷಗಟ್ಟಲೆ ಅದನ್ನು ನೋಡಿಕೊಳ್ಳುವ ಕೆಲಸಕ್ಕೆ ಬಿಡಿಗಾಸೂ ಇಲ್ಲ. ಆಸಿಡ್ಡು, ಸೀಸ, ಒಡೆದ ಗಾಜು ಎಲ್ಲವೂ ಬರುವುದು ಈ ಎರಡನೆಯ ಕೆಲಸದಲ್ಲಿ. ಅದನ್ನು ಮಾಡುವವರು ಹೆಂಗಸರು.

ಕೊಡಗಿನಲ್ಲಿ ಸೋಲಾರ್ ಎಂದರೆ ಮೊದಲು ಬ್ಯಾಟರಿಯ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ತಂತಿಯ ಮೇಲೆ ಬಿದ್ದರೆ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. 2024ರಲ್ಲಿ ಮನೆ ಚಾವಣಿಯ ಸೋಲಾರ್‌ಗೆ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆ ಬಂದಾಗ, ಮೂರು ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ ಎಂದು ಕೇಳಿ ಅನೇಕರು ಫೋನ್ ಮಾಡಿದರು. ಬ್ಯಾಟರಿ ಇಲ್ಲದೆ ಗ್ರಿಡ್‌ಗೆ ಜೋಡಿಸಿದ ಘಟಕ ಲೈನ್ ಹೋದೊಡನೆ ತಾನೂ ನಿಲ್ಲುತ್ತದೆ, ಇಲ್ಲದಿದ್ದರೆ ತಂತಿ ಸರಿಪಡಿಸಲು ಕಂಬ ಹತ್ತಿದ ಲೈನ್‌ಮನ್‌ನ ಜೀವಕ್ಕೇ ಸಂಚಕಾರ ಎಂದು ವಿವರಿಸಿದಾಗ ಅರ್ಧಕ್ಕರ್ಧ ಜನ ಫೋನ್ ಇಟ್ಟರು. ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಉಚಿತವಾಗಿರುವಾಗ ಸಣ್ಣ ಮನೆಗಳಿಗೆ ಬಿಲ್ಲಿನ ಚಿಂತೆಯಿಲ್ಲ. ಅವರಿಗೆ ಬೇಕಾದದ್ದು ಆಟಿ ತಿಂಗಳ ರಾತ್ರಿಯಲ್ಲಿ ಉರಿಯುವ ಎರಡು ಬಲ್ಬು ಮತ್ತು ಮೊಬೈಲ್‌ಗೆ ಚಾರ್ಜು. ಹಾಗಾಗಿ ಲೈನ್ ಮನೆಗಳಲ್ಲಿ, ಅಂದರೆ ತೋಟದ ಕೂಲಿಯವರ ಸಾಲುಮನೆಗಳಲ್ಲಿ, ನಾನು ಕಂಡಿದ್ದೆಲ್ಲ ಸೀಸ-ಆಸಿಡ್‌ನ ಟ್ಯೂಬ್ಯುಲರ್ ಬ್ಯಾಟರಿಗಳೇ.

ಈ ಬ್ಯಾಟರಿಗೂ ನಮ್ಮ ಮಳೆಗೂ ಸರಿಬರುವುದಿಲ್ಲ. ಬೇಸಿಗೆಯಲ್ಲಿ ಕಿಲೋವ್ಯಾಟ್‌ಗೆ ದಿನಕ್ಕೆ ನಾಲ್ಕು ಯೂನಿಟ್ ಕೊಡುವ ಪ್ಯಾನೆಲ್, ಜುಲೈಯಲ್ಲಿ ಒಂದೂವರೆ ಕೊಟ್ಟರೆ ಪುಣ್ಯ. ಬ್ಯಾಟರಿ ವಾರಗಟ್ಟಲೆ ಅರೆಹೊಟ್ಟೆಯಲ್ಲಿ ನಿಂತು, ಅದರ ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಬಿಸಿಲು ಬಂದ ಮೇಲೆ ಜೋರಾಗಿ ಚಾರ್ಜ್ ಆಗುವಾಗ ಒಳಗಿನ ನೀರು ಹೈಡ್ರೋಜನ್, ಆಮ್ಲಜನಕಗಳಾಗಿ ಹೊರಹೋಗುತ್ತದೆ. ಹೈಡ್ರೋಜನ್‌ಗೆ ಕಿಡಿ ತಾಗಿದರೆ ಸಿಡಿಯುತ್ತದೆ. ಆದ್ದರಿಂದ ಗಾಳಿಯಾಡುವ ಜಾಗ ಬೇಕು, ಒಲೆ ದೂರವಿರಬೇಕು, ಇಳಿದ ನೀರನ್ನು ಆಗಾಗ ತುಂಬುತ್ತಿರಬೇಕು. ಆದರೆ ಹತ್ತಡಿಯ ಲೈನ್ ಮನೆಯಲ್ಲಿ ಬ್ಯಾಟರಿ ಇರುವುದು ಮಂಚದ ಕೆಳಗೆ, ಇಲ್ಲವೇ ಒಲೆಯ ಪಕ್ಕದ ಗೋಡೆಗೆ. ನೀರು ತುಂಬುವವಳು ಸಂಜೆ ತೋಟದಿಂದ ಬಂದು ಅಡುಗೆಗೆ ಕೂರುವ ಹೆಂಗಸು. ಯಾರ ಮನೆಯಲ್ಲಿ ಈ ಕೆಲಸ ಯಾರು ಮಾಡುತ್ತಾರೆಂದು ನಾನು ಕೇಳಬೇಕಾಗಿಯೇ ಇರಲಿಲ್ಲ, ಸೀರೆಯ ಅಂಚು ನೋಡಿದರೆ ಸಾಕಿತ್ತು. ಆಸಿಡ್ ಸಿಡಿದ ದಿನ ಹತ್ತಿ ಬಟ್ಟೆಯಲ್ಲಿ ಏನೂ ಕಾಣುವುದಿಲ್ಲ. ಒಗೆದು ಹಿಂಡುವಾಗ ಮೆಣಸಿನಕಾಳಿನಷ್ಟು ಅಗಲದ ತೂತುಗಳು ಸಾಲಾಗಿ ಬಿಚ್ಚಿಕೊಳ್ಳುತ್ತವೆ.

ಬ್ಯಾಟರಿ ಸತ್ತ ಮೇಲಿನ ಕತೆ ಇನ್ನೂ ಕೆಟ್ಟದು. ಗುಜರಿಯವನಿಗೆ ಬೇಕಾದದ್ದು ಸೀಸ, ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ. ಆಸಿಡ್ ಹೊತ್ತುಕೊಂಡು ಹೋಗಲು ಅವನಿಗೆ ಇಷ್ಟವಿಲ್ಲ. ‘ಆಸಿಡ್ ಬಗ್ಗಿಸಿ ಚೆಲ್ಲಿ ಇಡಮ್ಮಾ, ನಾಳೆ ಬರುತ್ತೇನೆ’ ಎಂದು ಹೇಳಿ ಹೋಗುತ್ತಾನೆ. ಬಗ್ಗಿಸುವವಳು ಮತ್ತೆ ಮನೆಯಾಕೆ. ಅದು ಹೋಗುವುದು ಹಿತ್ತಲಿನ ಚರಂಡಿಗೆ, ಅಲ್ಲಿಂದ ತೋಡಿಗೆ, ಹಾರಂಗಿಗೆ, ಕಾವೇರಿಗೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ನೀರನ್ನು ಹೊಳೆಗೆ ಬಿಟ್ಟರೆ ಗದ್ದಲವಾಗುವ ಊರಿನಲ್ಲಿ ಇದನ್ನು ಕೇಳುವವರಿಲ್ಲ. ಆ ಆಸಿಡ್‌ನಲ್ಲಿ ಸೀಸವೂ ಇರುತ್ತದೆ. ಮೈಸೇರಿದ ಸೀಸ ಮೂಳೆಯಲ್ಲಿ ಕೂತು, ಬಸುರಿನ ಕಾಲದಲ್ಲಿ ಮತ್ತೆ ರಕ್ತಕ್ಕಿಳಿದು ಮಗುವನ್ನು ತಲುಪುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ವಾಪಸು ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ಆ ಹೊಣೆ ತೋಟದ ಗೇಟಿನವರೆಗೆ ತಾನಾಗಿ ನಡೆದುಬರುವುದಿಲ್ಲ.

ಕೂಲಿಯ ವಿಚಾರಕ್ಕೆ ಬರುತ್ತೇನೆ. ನಮ್ಮಲ್ಲಿ ಕೂಲಿಯನ್ನು ತೀರ್ಮಾನಿಸುವುದು ಏಣಿ. ಒಂಟಿ ಬಿದಿರಿನ ಏಣಿ ಹತ್ತಿ ಕರಿಮೆಣಸು ಕುಯ್ಯುವವನಿಗೆ, ನೆರಳು ಮರಗಳ ಕೊಂಬೆ ಸವರುವ ಮರಗಸಿ ಮಾಡುವವನಿಗೆ ಹೆಚ್ಚು. ಕೆಳಗೆ ಬಿದ್ದ ಮೆಣಸು ಆರಿಸುವವಳಿಗೆ, ಕಣದಲ್ಲಿ ಕಾಫಿ ಹರವುವವಳಿಗೆ ಕಡಿಮೆ. 1976ರಲ್ಲೇ ಸಮಾನ ವೇತನ ಕಾಯ್ದೆ ಬಂತು, 2019ರ ವೇತನ ಸಂಹಿತೆಯಲ್ಲೂ ಅದೇ ಮಾತಿದೆ. ಆದರೆ ಕಾಯ್ದೆ ಕೇಳುವುದು ಒಂದೇ ಬಗೆಯ ಕೆಲಸಕ್ಕೆ ಒಂದೇ ಕೂಲಿ. ಕೆಲಸವನ್ನೇ ಬೇರೆ ಎಂದು ಬರೆದುಬಿಟ್ಟರೆ ಕಾಯ್ದೆ ಸುಮ್ಮನಾಗುತ್ತದೆ. ಸೋಲಾರ್ ಬಂದಾಗ ಈ ಏಣಿಯೂ ಅದರ ಜೊತೆಗೇ ಬಂತು. ಜಗತ್ತಿನಾದ್ಯಂತ ನವೀಕರಿಸಬಹುದಾದ ಇಂಧನದ ಉದ್ಯೋಗಗಳಲ್ಲಿ ಮಹಿಳೆಯರು ಶೇಕಡಾ 32, ತೈಲ ಮತ್ತು ಅನಿಲದಲ್ಲಿ 22 ಎಂದು ಅಂತರರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಸಂಸ್ಥೆ 2019ರಲ್ಲಿ ಹೇಳಿತು. ಭಾರತದ ಚಾವಣಿ ಸೋಲಾರ್ ಕ್ಷೇತ್ರದಲ್ಲಿ ಅದೇ ವರ್ಷದ ಇನ್ನೊಂದು ಅಧ್ಯಯನ ಕಂಡದ್ದು ಸುಮಾರು 11. ಲೈನ್ ಮನೆಯಲ್ಲಿ ಬ್ಯಾಟರಿಗೆ ನೀರು ಹಾಕುವವರು ಇಂಥ ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ನಾನು ಮಾಡಿದ್ದು ದೊಡ್ಡ ಕ್ರಾಂತಿಯೇನಲ್ಲ, ಕೊಟೇಶನ್‌ನಲ್ಲಿ ಒಂದು ಸಾಲು ಸೇರಿಸಿದೆ: ‘ಪಾಲನೆ, ತಿಂಗಳಿಗೆ ಘಟಕವೊಂದಕ್ಕೆ ಇಷ್ಟು, ತರಬೇತಾದವರ ಹೆಸರಿಗೆ.’ ಗಂಡಸಾಗಲಿ ಹೆಂಗಸಾಗಲಿ ದರ ಒಂದೇ, ಹಣ ಅವರ ಬ್ಯಾಂಕ್ ಖಾತೆಗೆ. ಮೊದಲ ತೋಟದ ಸಾವುಕಾರರು ಕನ್ನಡಕದ ಮೇಲಿಂದ ನೋಡಿ, ‘ನೀರು ಹಾಕುವುದಕ್ಕೂ ಸಂಬಳವೇನಮ್ಮಾ?’ ಎಂದರು. ನಾನು ನ್ಯಾಯ, ಸಮಾನತೆ ಎಂದೆಲ್ಲ ಮಾತಾಡಲಿಲ್ಲ. ಅವರು ಕೊಂಡ ಬ್ಯಾಟರಿಗಳ ಬಿಲ್ಲುಗಳನ್ನೇ ಮೇಜಿನ ಮೇಲೆ ಹರಡಿದೆ. ಒಂದೊಂದಕ್ಕೆ ಹದಿನೈದು ಸಾವಿರದ ಆಸುಪಾಸು, ಐದು ವರ್ಷ ಬಾಳಬೇಕಾದವು ಎರಡು ಮಳೆಗಾಲಕ್ಕೇ ಸತ್ತಿದ್ದವು. ಅವರೇ ಪೆನ್ನು ತೆಗೆದು ಭಾಗಿಸಿದರು. ತೋಟದವರಿಗೆ ಲೆಕ್ಕ ಹೇಳಿಕೊಡಬೇಕಾಗಿಲ್ಲ, ಲೆಕ್ಕ ಎದುರಿಗಿಟ್ಟರೆ ಸಾಕು.

ತರಬೇತಿಗೆ ಬೇಕಾದದ್ದು ಹೈಡ್ರೋಮೀಟರ್, ಅಂದರೆ ಆಸಿಡ್‌ನ ಸಾಂದ್ರತೆ ಅಳೆಯುವ ಗಾಜಿನ ಕೊಳವೆ. ಪೂರ್ತಿ ಚಾರ್ಜ್ ಆದ ಟ್ಯೂಬ್ಯುಲರ್ ಬ್ಯಾಟರಿಯಲ್ಲಿ ಅದು 1.240ರ ಸುಮಾರಿಗೆ ನಿಲ್ಲಬೇಕು. ಕಲಿಯಲು ಬಂದವರಲ್ಲಿ ಕೆಲವರಿಗೆ ಓದು ಬಾರದು, ಆದರೆ ತೇಲುಗೋಲಿನ ಮೇಲೆ ಹಸಿರು, ಬಿಳಿ, ಕೆಂಪು ಪಟ್ಟಿಗಳಿರುತ್ತವೆ. ಯರವ ಬುಡಕಟ್ಟಿನ ಹಿರಿಯಾಕೆಯೊಬ್ಬರು ಕೊಳವೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಉಸಿರು ಹಿಡಿದು, ತೇಲುಗೋಲು ಗಾಜಿಗೆ ಅಂಟದಂತೆ ಬೆರಳಿನಿಂದ ಮೆಲ್ಲಗೆ ತಟ್ಟಿದರು. ನಾನದನ್ನು ಹೇಳಿಕೊಟ್ಟಿರಲಿಲ್ಲ. ಆರೂ ಸೆಲ್ ನೋಡಿ ಮೂರನೆಯದನ್ನು ತೋರಿಸಿ, ‘ಇದೊಂದು ಮಾತ್ರ ಕೆಂಪಿಗೆ ಬಂದಿದೆ ಅಕ್ಕಾ, ಉಳಿದವು ಸರಿಯಿವೆ’ ಎಂದರು. ಆ ಸೆಲ್ ಹೋಗಿಯೇ ಇತ್ತು. ಸರ್ಕಾರದ ಸೂರ್ಯಮಿತ್ರ ತರಬೇತಿ 2015ರಿಂದ ಇದೆ, ಒಳ್ಳೆಯದೇ. ಆದರೆ ಅದು ಹತ್ತನೆಯ ತರಗತಿಯ ಜೊತೆ ಐಟಿಐ ಕೇಳುತ್ತದೆ, ಐಟಿಐ ಎಲೆಕ್ಟ್ರಿಷಿಯನ್ ತರಗತಿಯಲ್ಲಿ ಹುಡುಗಿಯರು ಎಷ್ಟಿರುತ್ತಾರೆಂದು ಬಲ್ಲವರು ಬಲ್ಲರು. ಈ ಹಿರಿಯಾಕೆ ಆ ಬಾಗಿಲಿನವರೆಗೂ ಹೋಗಲಾರರು.

ಉಳಿದ ನಿಯಮಗಳು ಸರಳ. ಭಟ್ಟಿ ಇಳಿಸಿದ (ಡಿಸ್ಟಿಲ್ಡ್) ನೀರು ಮಾತ್ರ, ಕೊಳಾಯಿ ನೀರು ಬೇಡ, ಆಸಿಡ್ ಅಂತೂ ಯಾವತ್ತೂ ಸೇರಿಸಬಾರದು. ಪೂರ್ತಿ ತುಂಬಿಸುವುದು ಚಾರ್ಜ್ ಆದ ಮೇಲೆಯೇ. ಚೆಲ್ಲಿದರೆ ಮೇಲೆ ಅಡುಗೆ ಸೋಡಾ ಸುರಿಯಬೇಕು, ನೊರೆ ನಿಂತ ಮೇಲೆ ಒರೆಸಬೇಕು. ಸತ್ತ ಬ್ಯಾಟರಿಯನ್ನು ಯಾರೂ ಬಗ್ಗಿಸಕೂಡದು, ಆಸಿಡ್ ಸಮೇತ ತೂಗಿಸಿ ಡೀಲರಿಗೇ ಕೊಡುತ್ತೇವೆ, ಆ ಹಣ ಹೊಸ ಬ್ಯಾಟರಿಯ ಬಿಲ್ಲಿನಲ್ಲಿ ಕಳೆಯುತ್ತದೆ. ಕೈಗವಸಿನದೇ ಒಂದು ರಗಳೆಯಾಯಿತು. ಅಂಗಡಿಯಲ್ಲಿ ಸಿಗುವವೆಲ್ಲ ಗಂಡಸರ ಅಳತೆಯವು. ಬೆರಳ ತುದಿ ಮಡಚಿಕೊಂಡು ಕೊಳವೆ ಜಾರುತ್ತದೆ, ಬೇಸತ್ತು ಕಳಚಿಡುತ್ತಾರೆ, ಆಮೇಲೆ ‘ಹೆಂಗಸರಿಗೆ ಎಷ್ಟು ಹೇಳಿದರೂ ಹಾಕಿಕೊಳ್ಳುವುದಿಲ್ಲ’ ಎಂಬ ಮಾತು. ಸಣ್ಣ ಅಳತೆಯವನ್ನು ಮೈಸೂರಿನಿಂದ ತರಿಸಿದ ಮೇಲೆ ಆ ಮಾತು ನಿಂತಿತು.

ಚಾವಣಿಯ ಕೆಲಸಕ್ಕೆ ಇಬ್ಬರು ತರುಣಿಯರು ಮುಂದೆ ಬಂದರು. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಡುವುದು ತೋಟದಲ್ಲಿ ಮೊದಲಿನಿಂದಲೂ ಇದ್ದದ್ದೇ. ಏಣಿಗೆ ಮಾತ್ರ ಚೂಡಿದಾರ್, ಸೊಂಟಕ್ಕೆ ಬೆಲ್ಟು. ಪ್ಯಾನೆಲ್ ತೊಳೆಯುವುದು ಬೆಳಕು ಏರುವ ಮುಂಚೆ, ಸಿಲ್ವರ್ ಓಕ್ ಎಲೆ ಮತ್ತು ಪಾಚಿ ತೆಗೆಯಲು ಮೆತ್ತನೆಯ ಬಟ್ಟೆ. ಬೆಳಕು ಬಿದ್ದಷ್ಟು ಹೊತ್ತೂ ಪ್ಯಾನೆಲ್‌ನಲ್ಲಿ ವಿದ್ಯುತ್ ಇರುತ್ತದೆ, ಅದಕ್ಕೆ ಆಫ್ ಮಾಡುವ ಗುಂಡಿಯಿಲ್ಲ. ಗಾಜು ಬಿರಿದ ಪ್ಯಾನೆಲ್‌ಗೆ ಒದ್ದೆ ಕೈ ತಾಗಿಸಬಾರದು ಎಂಬುದನ್ನು ಅವರು ಈಗ ನನಗಿಂತ ಗಟ್ಟಿಯಾಗಿ ಹೇಳುತ್ತಾರೆ. ನೆರಳು ಬೀಳುತ್ತದೆಂದು ಅತ್ತಿ, ಹಲಸಿನ ಮರ ಕಡಿಸಲು ಹೊರಟ ಕಡೆ ನಾನು ಕೆಲಸ ಒಪ್ಪುವುದಿಲ್ಲ, ಕಣದ ಶೆಡ್ಡಿನ ಮೇಲೆ ಕೂರಿಸೋಣ ಎನ್ನುತ್ತೇನೆ. ಒಡೆದ ಪ್ಯಾನೆಲ್‌ಗಳನ್ನು ಗುಜರಿಗೆ ಕೊಡದೆ ಚಾವಣಿಯಿರುವ ಗೋದಾಮಿನಲ್ಲಿ ಇಡಿಸುತ್ತೇನೆ. ಅವುಗಳ ಬೆಸುಗೆಯಲ್ಲೂ ಸೀಸವಿದೆ, ಇ-ತ್ಯಾಜ್ಯ ನಿಯಮಗಳಲ್ಲಿ ಈಗ ಸೋಲಾರ್ ಪ್ಯಾನೆಲ್ ಕೂಡ ಸೇರಿದೆ.

ಈಗ ಹೊಸ ತಲೆನೋವು ಶುರುವಾಗಿದೆ. ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿಗಳು ಅಗ್ಗವಾಗುತ್ತಿವೆ. ಅವಕ್ಕೆ ಆಸಿಡ್ ಇಲ್ಲ, ಸೀಸ ಇಲ್ಲ, ಅರೆ ಚಾರ್ಜಿನಲ್ಲಿ ನಿಂತರೂ ಬೇಸರವಿಲ್ಲ, ನಮ್ಮ ಮಳೆಗೆ ಹೇಳಿ ಮಾಡಿಸಿದಂಥವು. ಎರಡು ತೋಟಗಳಿಗೆ ನಾನೇ ಶಿಫಾರಸು ಮಾಡಿದ್ದೇನೆ. ನೀರು ಹಾಕುವ ಕೆಲಸವೇ ಇಲ್ಲವಾದರೆ ಪಾಲನೆಯ ಸಾಲನ್ನೂ ತೆಗೆದುಬಿಡಿ ಎಂದು ಒಬ್ಬ ಸಾವುಕಾರರು ಆಗಲೇ ಹೇಳಿ ಕಳುಹಿಸಿದ್ದಾರೆ. ತೆಗೆಯುವುದಿಲ್ಲ ಎಂದಿದ್ದೇನೆ. ಈ ಬೇಸಿಗೆಯಲ್ಲಿ ಅರ್ತಿಂಗ್ ಪರೀಕ್ಷೆ, ಮಿಂಚು ತಡೆ ಮತ್ತು ಕೇಬಲ್‌ಗಳ ತಪಾಸಣೆ, ಮಲ್ಟಿಮೀಟರ್‌ನಲ್ಲಿ ಪ್ಯಾನೆಲ್ ವೋಲ್ಟೇಜ್ ನೋಡುವುದನ್ನು ಅದೇ ಹೆಂಗಸರಿಗೆ ಕಲಿಸುತ್ತಿದ್ದೇನೆ. ಮಲ್ಟಿಮೀಟರ್‌ನಲ್ಲಿ ಬಣ್ಣದ ಪಟ್ಟಿಯಿಲ್ಲ, ಆದ್ದರಿಂದ ಮೊದಲು ಅಂಕಿ ಕಲಿಸಬೇಕಾಗಿದೆ. ಭಾನುವಾರ ಸಂತೆ ಮುಗಿಸಿ ಬಂದ ಮೇಲೆ ಒಂದು ಗಂಟೆ ಕೂರುತ್ತಾರೆ. ದರದ ಮಾತುಕತೆ ಜೂನ್‌ಗೆ ಮುಂಚೆ ಮುಗಿಯಬೇಕು.